ತೆಳು ಗಡಿಯಾರದ ಗಟ್ಟಿ ಕಥೆ



ಮನೆಯ ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ಹೊಲ, ಮನೆ, ಒಡವೆಗಳಿಗೆ ಕಾಗದಪತ್ರಗಳಿರುತ್ತವೆ; ಅವುಗಳ ಹಂಚಿಕೆಗೆ ನಾಲ್ಕು ಜನ ಹಿರಿಯರು ಕೂಡುತ್ತಾರೆ. ಯಾರ ಲೆಕ್ಕಕ್ಕೂ ಬಾರದೆ ಟ್ರಂಕಿನ ಮೂಲೆಯಲ್ಲಿ ಉಳಿದುಬಿಡುವ ವಸ್ತುವೆಂದರೆ ಅವರ ಕೈಗಡಿಯಾರ. ಬೀದರ ಜಿಲ್ಲೆಯ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸತ್ಯ. ನಮ್ಮ ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಕನ್ನಡ ನಾಡನ್ನು ಸೇರಿತು. ಆ ಕಾಲದ ಉದ್ಯೋಗಸ್ಥರು, ವರ್ತಕರು, ಅನುಕೂಲಸ್ಥ ಒಕ್ಕಲು ಮನೆತನದವರು ಹೈದರಾಬಾದು, ಮುಂಬಯಿಗಳಿಗೆ ಹೋದಾಗ ಸ್ವಿಸ್ ಗಡಿಯಾರಗಳನ್ನು ಕೊಂಡು ತರುತ್ತಿದ್ದರು. ವೆಸ್ಟ್ ಎಂಡ್, ಫಾವ್ರ್ ಲೂಬಾ ಎಂಬ ಹೆಸರುಗಳು ನಮ್ಮ ಅಜ್ಜಂದಿರಿಗೆ ಅಪರಿಚಿತವಾಗಿರಲಿಲ್ಲ. ಅನಂತರ ಬೆಂಗಳೂರಿನ ಎಚ್‌ಎಂಟಿ ಗಡಿಯಾರಗಳು ಬಂದವು. ಮದುವೆಯಲ್ಲಿ ವರನಿಗೆ ವಾಚು, ಸೈಕಲ್ಲು, ರೇಡಿಯೋ ಕೊಡಲೇಬೇಕೆಂಬ ರೂಢಿಯೂ ಬೆಳೆಯಿತು. ಆ ರೂಢಿಯನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಅದರಿಂದಾಗಿ ಹಳ್ಳಿಹಳ್ಳಿಗಳಿಗೂ ಗಡಿಯಾರ ಮುಟ್ಟಿತೆಂಬುದು ನಿಜ.

ಈ ಹಳೆಯ ಗಡಿಯಾರಗಳಲ್ಲಿ ಹೆಚ್ಚಿನವು ದಪ್ಪನೆಯವು, ದುಡಿಮೆಗೆ ತಕ್ಕವು. ಆದರೆ ಅಪರೂಪಕ್ಕೊಮ್ಮೆ ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನಿಸುವಂಥ, ಎಲೆಯಂತೆ ತೆಳುವಾದ ಗಡಿಯಾರವೊಂದು ಕಣ್ಣಿಗೆ ಬೀಳುತ್ತದೆ. ಅದರೊಳಗೆ ಸೆಲ್ಲಿಲ್ಲ, ಚಾವಿ ಕೊಟ್ಟರೆ ನಡೆಯುತ್ತದೆ. ಇಂಥವುಗಳನ್ನು ಅರಸಿ ದೇಶವಿದೇಶಗಳ ಸಂಗ್ರಾಹಕರು ಅಲೆಯುತ್ತಾರೆ, ಕಾರು ಕೊಳ್ಳುವಷ್ಟು ಹಣ ತೆರುತ್ತಾರೆ. ತೆಳುವಾದ ಮಾತ್ರಕ್ಕೆ ಇಷ್ಟೊಂದು ಬೆಲೆಯೇಕೆ? ಈ ತಿಂಗಳು ಈ ಪ್ರಶ್ನೆಯನ್ನೇ ವಿಚಾರಿಸೋಣ. ಇದು ಸಿರಿವಂತರ ಹವ್ಯಾಸದ ಮಾತಾಗಿ ಕಂಡರೂ ನಮ್ಮ ಮನೆಗಳಿಗೂ ಸಂಬಂಧಿಸಿದ ಮಾತು ಇದರಲ್ಲಿದೆ.

ಈರುಳ್ಳಿಯಿಂದ ಎಲೆಯವರೆಗೆ

ನಮ್ಮ ಪೂರ್ವಿಕರು ಹಗಲಿರುಳನ್ನು ಅರವತ್ತು ಗಳಿಗೆಗಳಾಗಿ ಭಾಗಿಸಿದ್ದರು. ತಳದಲ್ಲಿ ಸಣ್ಣ ರಂಧ್ರವಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಒಂದು ಗಳಿಗೆಯೆಂದು, ಅಂದರೆ 24 ನಿಮಿಷವೆಂದು ಎಣಿಸುತ್ತಿದ್ದರು. ಆ ಕಾಲಮಾಪನವನ್ನು ಹೊತ್ತುಕೊಂಡು ತಿರುಗುವಂತಿರಲಿಲ್ಲ. ಕಾಲವನ್ನು ಕಿಸೆಯಲ್ಲಿಟ್ಟುಕೊಂಡು ಹೋಗಬೇಕೆಂಬ ಆಸೆಯೇ ಯುರೋಪಿನಲ್ಲಿ ಕಿಸೆಗಡಿಯಾರಕ್ಕೆ ಕಾರಣವಾಯಿತು. ಆದರೆ ಮೊದಮೊದಲ ಕಿಸೆಗಡಿಯಾರಗಳು ಎಷ್ಟು ದಪ್ಪವಾಗಿದ್ದವೆಂದರೆ, ಸುಮಾರು ಮುನ್ನೂರು ವರ್ಷಗಳ ಹಿಂದಿನ ಫ್ರೆಂಚ್ ಗಡಿಯಾರಗಳಿಗೆ 'ಈರುಳ್ಳಿ' ಎಂದೇ ಹೆಸರು ಬಿದ್ದಿತು. ಅಂಗಿಯ ಮೇಲೆ ಗಂಟಿನಂತೆ ಎದ್ದು ಕಾಣುವ ಈ ಯಂತ್ರಗಳನ್ನು ತೆಳುಗೊಳಿಸುವುದೇ ಕುಶಲಕರ್ಮಿಗಳ ಮುಂದಿದ್ದ ಸವಾಲು.

ಆ ಸವಾಲಿಗೆ ಮೊದಲ ಸಮರ್ಥ ಉತ್ತರ ಕೊಟ್ಟವನು ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಗಡಿಯಾರಗಾರನಾಗಿದ್ದ ಜಾನ್ ಆಂತ್ವಾನ್ ಲೆಪೀನ್. ಅವನವರೆಗೆ ಗಡಿಯಾರದ ಚಕ್ರಗಳನ್ನು ಎರಡು ಅಖಂಡ ತಗಡುಗಳ ನಡುವೆ ಕೂಡಿಸುತ್ತಿದ್ದರು. ಸ್ಪ್ರಿಂಗಿನ ಬಲವನ್ನು ಸಮಗೊಳಿಸಲು ಶಂಕುವಿನಾಕಾರದ ಉರುಳೆಗೆ ಸಣ್ಣ ಸರಪಳಿ ಸುತ್ತುತ್ತಿದ್ದರು. ಲೆಪೀನ್ 1760ರ ದಶಕದ ನಡುವಿನಲ್ಲಿ ಆ ಉರುಳೆಯನ್ನೂ ಸರಪಳಿಯನ್ನೂ ತೆಗೆದುಹಾಕಿದ. ಮೇಲಿನ ಅಖಂಡ ತಗಡಿನ ಬದಲು ಬೇರೆಬೇರೆ ಚಕ್ರಗಳಿಗೆ ಬೇರೆಬೇರೆ ಸಣ್ಣ ಸೇತುವೆಗಳನ್ನು ಹಾಕಿದ. ಗಡಿಯಾರದ ದಪ್ಪ ಒಮ್ಮೆಲೇ ಇಳಿಯಿತು. ಅಷ್ಟೇ ಅಲ್ಲ, ದುರಸ್ತಿಗಾರನು ಒಂದು ಸೇತುವೆಯನ್ನು ಬಿಚ್ಚಿ ಒಂದೇ ಚಕ್ರವನ್ನು ಹೊರತೆಗೆಯುವುದೂ ಸಾಧ್ಯವಾಯಿತು. ತೆಳುತನವೂ ದುರಸ್ತಿಯ ಸೌಕರ್ಯವೂ ಅಂದು ಒಟ್ಟಿಗೇ ಹುಟ್ಟಿದವು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬರುತ್ತದೆ.

1903ರಲ್ಲಿ ಪ್ಯಾರಿಸಿನ ಎಡ್ಮಂಡ್ ಜೇಗರ್ ಎಂಬಾತನು ತಾನು ರೂಪಿಸಿದ ಅತಿ ತೆಳುವಾದ ಯಂತ್ರಗಳನ್ನು ತಯಾರಿಸಿಕೊಡಬಲ್ಲಿರಾ ಎಂದು ಸ್ವಿಸ್ ತಯಾರಕರಿಗೆ ಸವಾಲು ಹಾಕಿದ. ಅದನ್ನು ಸ್ವೀಕರಿಸಿದವನು ಜಾಕ್ ಡೇವಿಡ್ ಲಕೂಲ್ತ್ರ್. 1907ರಲ್ಲಿ ಹೊರಬಂದ ಅವರ ಕಿಸೆಗಡಿಯಾರದ ಯಂತ್ರದ ದಪ್ಪ ಕೇವಲ 1.38 ಮಿಲಿಮೀಟರು! ಇಂದು ನಮ್ಮ ಕಿಸೆಯಲ್ಲಿರುವ ಬ್ಯಾಂಕಿನ ಕಾರ್ಡಿನ ದಪ್ಪ 0.76 ಮಿಲಿಮೀಟರು. ಅಂಥ ಎರಡು ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟಾಗುವುದೋ ಅದಕ್ಕಿಂತಲೂ ತೆಳುವಾದ ಜಾಗದಲ್ಲಿ ಸ್ಪ್ರಿಂಗು, ಚಕ್ರಗಳು, ಹರಳುಗಳು ಎಲ್ಲವೂ ಅಡಗಿದ್ದವು. ಕಂಪ್ಯೂಟರಿಲ್ಲದ, ಲೇಸರಿಲ್ಲದ ಕಾಲದಲ್ಲಿ ಕೈ, ಕಣ್ಣು ಮತ್ತು ತಾಳ್ಮೆಗಳಿಂದ ಇದು ಸಾಧ್ಯವಾಯಿತೆಂಬುದೇ ಸಂಗ್ರಾಹಕರ ಬೆರಗಿನ ಮೂಲ.

ಒಳಗೇನು ನಡೆಯುತ್ತದೆ?

ಈ ಬೆರಗನ್ನು ಅರಿಯಬೇಕಾದರೆ ಚಾವಿ ಗಡಿಯಾರದ ಒಳಗನ್ನು ಸ್ವಲ್ಪ ನೋಡಬೇಕು. ಚಾವಿ ಕೊಟ್ಟಾಗ ಡಬ್ಬಿಯಂಥ ಭಾಗದೊಳಗೆ ಉಕ್ಕಿನ ಪಟ್ಟಿಯೊಂದು ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಒಂದರಿಂದೊಂದಕ್ಕೆ ಹಲ್ಲು ಕಚ್ಚಿದ ಚಕ್ರಗಳ ಮೂಲಕ ಹರಿಯುತ್ತದೆ. ಕೊನೆಯಲ್ಲಿ ಬ್ಯಾಲೆನ್ಸ್ ಚಕ್ರವು ಕೂದಲೆಳೆಯಷ್ಟು ಸೂಕ್ಷ್ಮವಾದ ಇನ್ನೊಂದು ಸುರುಳಿಯ ಹಿಡಿತದಲ್ಲಿ ಅತ್ತಿಂದಿತ್ತ ಆಡುತ್ತಾ, ಆ ಬಲವನ್ನು ಅಳತೆ ಮಾಡಿ ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಸದ್ದು ಇದರದೇ. ಎಚ್‌ಎಂಟಿಯ ಜನತಾ ಗಡಿಯಾರದಲ್ಲಿ ಗಂಟೆಗೆ 18,000 ಬಡಿತಗಳು. ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4 ಲಕ್ಷ 32 ಸಾವಿರ. ವರ್ಷಕ್ಕೆ ಎಣಿಸಿದರೆ 15 ಕೋಟಿ ದಾಟುತ್ತದೆ. ಇಷ್ಟು ಬಡಿತದ ಸವೆತವನ್ನು ತಾಳಲೆಂದೇ ಅಚ್ಚುಗಳ ತುದಿಗೆ ಕೃತಕ ಮಾಣಿಕ್ಯದ ಹರಳುಗಳನ್ನು ಕೂಡಿಸುತ್ತಾರೆ. ಡಯಲಿನ ಮೇಲೆ '17 ಜುವೆಲ್ಸ್' ಎಂದು ಬರೆದಿರುವುದು ಇದಕ್ಕೇ. ಅದನ್ನು ಒಡವೆಯ ಹರಳೆಂದು ಭಾವಿಸಿ ಗಡಿಯಾರ ಬಿಚ್ಚಿಸಿ ನಿರಾಶರಾದವರೂ ಉಂಟು.

ಸಾಮಾನ್ಯ ಚಾವಿ ಗಡಿಯಾರದಲ್ಲಿ ಈ ಯಂತ್ರದ ದಪ್ಪ ಮೂರರಿಂದ ನಾಲ್ಕೂವರೆ ಮಿಲಿಮೀಟರು. ಏಕೆಂದರೆ ಅದರಲ್ಲಿ ಚಕ್ರಗಳು ಮನೆಯ ಅಂತಸ್ತುಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ತೆಳುವಾಗಿಸಬೇಕಾದರೆ ಅಂತಸ್ತುಗಳನ್ನು ಕಡಿಮೆ ಮಾಡಿ, ಎಲ್ಲವನ್ನೂ ನೆಲಮಟ್ಟದಲ್ಲಿ ಹರಡಬೇಕು. ಚಕ್ರವನ್ನು ತೆಳುಗೊಳಿಸಿದರೆ ಅದು ಬಾಗಬಹುದು; ಸ್ಪ್ರಿಂಗಿನ ಅಗಲ ಕುಗ್ಗಿಸಿದರೆ ಬಲ ಕುಗ್ಗಿ ಗಡಿಯಾರ ಬೇಗ ನಿಲ್ಲಬಹುದು; ಚಕ್ರಚಕ್ರಗಳ ನಡುವಿನ ಅಂತರ ಕಿರಿದಾದರೆ ಒಂದು ಧೂಳಿನ ಕಣವೇ ಅಡ್ಡಗಲ್ಲಾಗಬಹುದು. ದಪ್ಪ ಗಡಿಯಾರದಲ್ಲಿ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ತಪ್ಪು ಮುಚ್ಚಿಹೋಗುತ್ತದೆ. ತೆಳು ಗಡಿಯಾರದಲ್ಲಿ ಅದೇ ತಪ್ಪು ಗಡಿಯಾರವನ್ನು ನಿಲ್ಲಿಸುತ್ತದೆ. ತಪ್ಪನ್ನು ಮರೆಮಾಚಲು ಅಲ್ಲಿ ಜಾಗವೇ ಇಲ್ಲ.

ಬೀದರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಬಿದರಿ ಕಲೆಯಲ್ಲಿ ಸತುವು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಕುಶಲಕರ್ಮಿಯು ಚಾಣದಿಂದ ಸೂಕ್ಷ್ಮ ಗೀರು ಕೆತ್ತಿ, ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾನೆ. ಈ ಕೆಲಸಕ್ಕೆ ತಾರಕಶಿ ಎಂದು ಹೆಸರು. ಗೀರು ಆಳವಾದರೆ ಬೆಳ್ಳಿ ಮುಳುಗುತ್ತದೆ, ಮೇಲಾದರೆ ಕಿತ್ತುಬರುತ್ತದೆ. ಅನಂತರ ಕೋಟೆಯ ಮಣ್ಣಿನ ಮಿಶ್ರಣದಿಂದ ತಿಕ್ಕಿದಾಗ ಲೋಹ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳಗುತ್ತದೆ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಲೆಯ ಹೂಜಿಯೊಂದನ್ನು ನಾವು ಬೆಳ್ಳಿಯ ತೂಕದಿಂದ ಬೆಲೆಕಟ್ಟುವುದಿಲ್ಲ. ಆ ಬೆಳ್ಳಿಯನ್ನು ಅಲ್ಲಿ ಕೂಡಿಸಿದ ಕೈಯ ಬೆಲೆಯನ್ನು ತೆರುತ್ತೇವೆ. ತೆಳು ಗಡಿಯಾರದ ಸಂಗ್ರಾಹಕನೂ ಮಾಡುವುದು ಇದನ್ನೇ.

ಒಳ್ಳೆಯ ತೆಳುತನ, ಹಟದ ತೆಳುತನ

ಕೈಗಡಿಯಾರಗಳ ಕಾಲ ಬಂದಾಗ ಈ ವಿದ್ಯೆ ಇನ್ನಷ್ಟು ಪಕ್ವವಾಯಿತು. 1957ರಲ್ಲಿ ಪಿಯಾಜೆ ಕಂಪನಿಯು '9ಪಿ' ಎಂಬ ಚಾವಿ ಯಂತ್ರವನ್ನು ಹೊರತಂದಿತು. ಅದರ ದಪ್ಪ 2 ಮಿಲಿಮೀಟರು. 1960ರಲ್ಲಿ ಕೈಯ ಚಲನೆಯಿಂದಲೇ ಚಾವಿ ಪಡೆಯುವ '12ಪಿ' ಬಂತು, ಅದು 2.3 ಮಿಲಿಮೀಟರು. ತೆಳುತನದಿಂದ ಉಳಿದ ಜಾಗವನ್ನು ಆ ಕಂಪನಿಯು ವ್ಯರ್ಥಗೊಳಿಸಲಿಲ್ಲ. ನೀಲಿ ಲಾಪಿಸ್, ಹಸಿರು ಮ್ಯಾಲಕೈಟ್ ಮೊದಲಾದ ಕಲ್ಲಿನ ಹಾಳೆಗಳನ್ನು ಡಯಲಾಗಿ ಬಳಸಿತು. ಸಾಮಾನ್ಯ ಯಂತ್ರದ ಮೇಲೆ ಕಲ್ಲಿನ ಡಯಲು ಕೂಡಿಸಿದ್ದರೆ ಗಡಿಯಾರ ಕೈಮೇಲೆ ಗುಡ್ಡದಂತೆ ಕಾಣುತ್ತಿತ್ತು. ಇಲ್ಲಿ ತೆಳುತನವು ಇನ್ನೊಂದು ಚೆಲುವಿಗೆ ದಾರಿಯಾಯಿತು.

1970ರ ದಶಕದ ಕಥೆ ಬೇರೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿಯು ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಾಗ ಸ್ವಿಸ್ ತಯಾರಕರ ನೆಲವೇ ಅದುರಿತು. ಆ ಆತಂಕದ ದಿನಗಳಲ್ಲಿ, 1976ರಲ್ಲಿ, ಜಾನ್ ಲಸಾಲ್ ಹೆಸರಿನ ಯಂತ್ರವೊಂದು ಬಂತು. ಅದರ ದಪ್ಪ 1.2 ಮಿಲಿಮೀಟರು. ಅದರಲ್ಲಿ ಲೆಪೀನ್ ಕಲಿಸಿದ ಸೇತುವೆಗಳನ್ನೇ ಕೈಬಿಟ್ಟು, ಚಕ್ರಗಳನ್ನು ಸಣ್ಣ ಗುಂಡುಗಳ ಆಸರೆಯಿಂದ ಒಂದೇ ಬದಿಗೆ ನಿಲ್ಲಿಸಿದ್ದರು. ಅಳತೆಯಲ್ಲಿ ಅದು ಗೆದ್ದಿತು, ಬಾಳಿಕೆಯಲ್ಲಿ ಸೋತಿತು. ಅದರ ನಾಜೂಕು ಎಷ್ಟೆಂದರೆ, ಕೆಟ್ಟಾಗ ದುರಸ್ತಿ ಮಾಡುವುದಕ್ಕಿಂತ ಇಡೀ ಯಂತ್ರವನ್ನೇ ಬದಲಿಸುವುದು ಲೇಸೆಂಬ ಸ್ಥಿತಿ ಬಂತು. ಹೊಸ ಯಂತ್ರ ಸಿಗದಿದ್ದರೆ ಗಡಿಯಾರದ ಆಯುಷ್ಯ ಮುಗಿದಂತೆಯೇ.

1979ರಲ್ಲಿ ಬಂದ 'ಡಿಲಿರಿಯಮ್' ಎಂಬ ಸ್ವಿಸ್ ಗಡಿಯಾರವು ಸೆಲ್ಲಿನದು. ಗಾಜಿನಿಂದ ಬೆನ್ನಿನವರೆಗೆ ಅದರ ಒಟ್ಟು ದಪ್ಪವೇ 1.98 ಮಿಲಿಮೀಟರು. ಗಡಿಯಾರದ ಬೆನ್ನಿನ ಮುಚ್ಚಳವನ್ನೇ ಯಂತ್ರದ ತಳಹದಿಯಾಗಿ ಬಳಸಿದ್ದು ಅದರ ಯುಕ್ತಿ. ಇದೇ ಯುಕ್ತಿಯಿಂದ 1983ರಲ್ಲಿ ಕೇವಲ 51 ಬಿಡಿಭಾಗಗಳ, ಪ್ಲಾಸ್ಟಿಕ್ ಕವಚದ, ಸುಲಭ ಬೆಲೆಯ ಸ್ವಾಚ್ ಗಡಿಯಾರ ಹುಟ್ಟಿ, ಸ್ವಿಸ್ ಉದ್ಯಮ ಚೇತರಿಸಿಕೊಳ್ಳಲು ಆಸರೆಯಾಯಿತು. ಸಿರಿವಂತರ ಹಟಕ್ಕಾಗಿ ನಡೆದ ಸಂಶೋಧನೆ ಸಾಮಾನ್ಯನ ಮಣಿಕಟ್ಟಿಗೆ ಪ್ರಯೋಜನವಾದದ್ದು ವಿಶೇಷವೇ ಸರಿ.

ಇತ್ತೀಚಿನ ವರ್ಷಗಳಲ್ಲಿ ಈ ಪಂದ್ಯ ಮತ್ತೆ ಕಾವೇರಿದೆ. 2018ರಲ್ಲಿ ಪಿಯಾಜೆಯವರು ಒಟ್ಟು 2 ಮಿಲಿಮೀಟರು ದಪ್ಪದ ಚಾವಿ ಗಡಿಯಾರವನ್ನು ತೋರಿಸಿದರು. 2022ರ ಮಾರ್ಚಿನಲ್ಲಿ ಬುಲ್ಗರಿ ಕಂಪನಿ 1.80ಕ್ಕೆ ಇಳಿಸಿತು. ನಾಲ್ಕೇ ತಿಂಗಳಲ್ಲಿ ರಿಷರ್ ಮಿಲ್ ಕಂಪನಿ 1.75ಕ್ಕೆ ತಂದಿತು. 2024ರಲ್ಲಿ ರಷ್ಯದ ಕಾನ್‌ಸ್ಟಾಂಟಿನ್ ಚೈಕಿನ್ 1.65 ಮಿಲಿಮೀಟರಿನ ಮಾದರಿಯನ್ನು ಪ್ರದರ್ಶಿಸಿದ. ರಿಷರ್ ಮಿಲ್ ಗಡಿಯಾರದ ಬೆಲೆ ಸುಮಾರು 19 ಲಕ್ಷ ಡಾಲರು, ನಮ್ಮ ಲೆಕ್ಕದಲ್ಲಿ ಅಂದಿಗೆ ಹೆಚ್ಚುಕಡಿಮೆ 15 ಕೋಟಿ ರೂಪಾಯಿ. ಅದಕ್ಕೆ ಚಾವಿ ಕೊಡುವ ಗುಂಡಿಯನ್ನು ಬೆರಳಲ್ಲಿ ಹಿಡಿಯಲಾಗದು. ಬೇರೊಂದು ಉಪಕರಣ ಬೇಕು. ಸಮಯ ತೋರಿಸುವ ಮುಖವೂ ಬಹಳ ಕಿರಿದು.

ಇಲ್ಲಿ ನಾವು ಒಂದು ವಿವೇಕವನ್ನು ಪಾಲಿಸಬೇಕಾಗುತ್ತದೆ. 1957ರ 2 ಮಿಲಿಮೀಟರಿನ ಯಂತ್ರವನ್ನು ಇಂದಿಗೂ ಬಲ್ಲ ಕೈಗಳು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ನಡೆಸಬಲ್ಲವು. 1976ರ 1.2 ಮಿಲಿಮೀಟರಿನದು ಗಾಜಿನ ಕಪಾಟಿನ ಅಲಂಕಾರವಾಗಿ ಉಳಿಯುವುದೇ ಹೆಚ್ಚು. ಎರಡೂ ಮನುಷ್ಯನ ಬುದ್ಧಿಯ ಸಾಧನೆಗಳೇ. ಆದರೆ ಒಂದರಲ್ಲಿ ತೆಳುತನ ಬಳಸುವವನ ಸೇವೆಗಿದೆ. ಇನ್ನೊಂದರಲ್ಲಿ ಬಳಸುವವನೇ ತೆಳುತನದ ಸೇವೆಗೆ ನಿಂತಿದ್ದಾನೆ. ಒಂದು ವಸ್ತು ಉತ್ತಮವೋ ಅಲ್ಲವೋ ಎಂಬುದನ್ನು ಅದು ಹೊಸದಾಗಿರುವಾಗ ನಿರ್ಧರಿಸಲಾಗದು. ಕೆಟ್ಟಾಗ ಇನ್ನೊಂದು ಕೈ ಅದನ್ನು ತೆರೆದು ಸರಿಪಡಿಸಬಲ್ಲುದೇ ಎಂಬುದೇ ನಿಜವಾದ ಒರೆಗಲ್ಲು. ತಿಳಿದ ಸಂಗ್ರಾಹಕರು ಮಿಲಿಮೀಟರು ಕೇಳುವ ಮೊದಲು ದುರಸ್ತಿಯ ಮಾತು ಕೇಳುವುದು ಈ ಕಾರಣಕ್ಕೇ.

ನಮ್ಮ ನಾಡಿನ ಪಾಲು

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆಯೆಂಬುದು ನಮಗೆ ಹೆಮ್ಮೆಯ ಸಂಗತಿ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ಕಾರ್ಖಾನೆ ಆರಂಭಿಸಿತು. ಅದರ ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ ನೆಹರೂ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಜನತಾ, ಪೈಲಟ್, ಕೊಹಿನೂರ್, ಕಾಂಚನ್ ಮೊದಲಾದ ಹೆಸರುಗಳು ಮನೆಮಾತಾದವು. ದೃಷ್ಟಿಹೀನರಿಗಾಗಿ ಮುಟ್ಟಿ ನೋಡಿ ಸಮಯ ತಿಳಿಯುವ ಬ್ರೈಲ್ ಗಡಿಯಾರವನ್ನೂ ಆ ಸಂಸ್ಥೆ ಮಾಡಿತು. 'ಸ್ಲಿಮ್‌ಲೈನ್' ಎಂಬ ಹೆಸರಿನಲ್ಲಿ ತೆಳುವಾದ ಚಾವಿ ಗಡಿಯಾರಗಳನ್ನೂ ತಯಾರಿಸಿತು. ಅವು ಸ್ವಿಸ್ ದಾಖಲೆಗಳ ಸಾಲಿಗೆ ಸೇರುವವಲ್ಲ. ಆದರೆ ಸಂಬಳದಾರನೊಬ್ಬ ಅಂಗಿಯ ತೋಳಿನಡಿ ಅಂದವಾಗಿ ಧರಿಸಬಲ್ಲ ತೆಳು ಗಡಿಯಾರವನ್ನು ನಮ್ಮ ಕಾರ್ಮಿಕರ ಕೈಗಳೇ ಕೂಡಿಸಿದ್ದವು ಎಂಬುದು ಸಣ್ಣ ಮಾತಲ್ಲ.

ಸೆಲ್ಲಿನ ಗಡಿಯಾರಗಳ ಪೈಪೋಟಿಯಲ್ಲಿ ಎಚ್‌ಎಂಟಿ ಹಿಂದುಳಿಯಿತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡಿನ ಉದ್ಯಮಾಭಿವೃದ್ಧಿ ನಿಗಮಗಳು ಕೂಡಿ ಸ್ಥಾಪಿಸಿದ ಟೈಟನ್, ನಮ್ಮ ಗಡಿಗೆ ಹೊಂದಿಕೊಂಡ ಹೊಸೂರಿನಲ್ಲಿ ಕಾರ್ಖಾನೆ ತೆರೆದು ಮಾರುಕಟ್ಟೆಯನ್ನು ಗೆದ್ದುಕೊಂಡಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪರಂಪರಾ ಕೇಂದ್ರ ಮತ್ತು ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಗಡಿಯಾರಗಳನ್ನು ಕಾಣಬಹುದು. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ತಪ್ಪದೆ ತೋರಿಸಬೇಕಾದ ಸ್ಥಳವಿದು.

ಟೈಟನ್ ಕೂಡ ತೆಳುತನದ ಪಂದ್ಯಕ್ಕೆ ಇಳಿಯಿತು. 2002ರಲ್ಲಿ ಅದು ಹೊರತಂದ 'ಎಡ್ಜ್' ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರು, ಒಳಯಂತ್ರದ್ದು 1.15 ಮಿಲಿಮೀಟರು. ಅದು ಸೆಲ್ಲಿನದು, ಚಾವಿಯದಲ್ಲ. ಆದರೂ ಅಷ್ಟು ತೆಳುವಿನಲ್ಲಿ ನೀರು ಒಳಹೋಗದಂತೆ ಕಾಪಾಡಿದ್ದು ಅದರ ಹಿರಿಮೆ. 2020ರ ದಶಕದ ಆರಂಭದಲ್ಲಿ ಅದೇ ಹೆಸರಿನ ಚಾವಿ ಗಡಿಯಾರವೂ ಬಂತು. ಅದರ ಯಂತ್ರ 2.2 ಮಿಲಿಮೀಟರು. ಸ್ವಿಸ್ ಕಣಿವೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಿದ್ಯೆಯ ಹತ್ತಿರಕ್ಕೆ ನಮ್ಮವರೂ ತಲುಪಿದ್ದಾರೆ.

ಔರಾದದ ಸಹೋದರಿಯ ಪತ್ರ

ಈ ವಿಷಯವನ್ನು ಆರಿಸಿಕೊಳ್ಳಲು ಔರಾದ ತಾಲ್ಲೂಕಿನ ಸಹೋದರಿಯೊಬ್ಬರ ಪತ್ರವೂ ಕಾರಣ. ಅವರ ಮಾವನವರು ತೀರಿಕೊಂಡ ಮೇಲೆ ಕಪಾಟಿನಲ್ಲಿ ಬಂಗಾರದ ಕವಚದ, ಬಹು ತೆಳುವಾದ ಚಾವಿ ಗಡಿಯಾರವೊಂದು ಸಿಕ್ಕಿದೆ. ಅದು ನಿಂತು ವರ್ಷಗಳಾಗಿವೆ. ಮಕ್ಕಳು ಇಬ್ಬರು. ಒಂದೇ ಗಡಿಯಾರವನ್ನು ಇಬ್ಬರಿಗೆ ಹಂಚಲಾಗದೆಂದು ಪತ್ತಾರರ ಬಳಿ ಒಯ್ದಿದ್ದಾರೆ. ಕವಚವನ್ನು ಕರಗಿಸಿ ಬಂಗಾರದ ತೂಕಕ್ಕೆ ಹಣ ಕೊಡುವುದಾಗಿಯೂ ಒಳಗಿನ ಯಂತ್ರಕ್ಕೆ ಬೆಲೆಯಿಲ್ಲವೆಂದೂ ಅವರು ತಿಳಿಸಿದ್ದಾರೆ. ಆ ಹಣದಿಂದ ಮೊಮ್ಮಗಳ ಕಾಲೇಜಿನ ಫೀ ಕಟ್ಟಬಹುದು. ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ತಂಗೀ, ಮೊಮ್ಮಗಳ ಓದಿಗಿಂತ ಗಡಿಯಾರ ದೊಡ್ಡದಲ್ಲ. ಮಾರಲೇಬೇಕಾದರೆ ಅದರಲ್ಲಿ ಅಪಚಾರವೇನೂ ಇಲ್ಲ. ಆದರೆ ಕರಗಿಸುವ ಮುನ್ನ ಎರಡು ಹೆಜ್ಜೆ ಇಡಿ. ಪತ್ತಾರರು ಬಂಗಾರವನ್ನು ಬಲ್ಲವರು. ಅವರ ತಕ್ಕಡಿ ಬಂಗಾರವನ್ನಷ್ಟೇ ತೂಗುತ್ತದೆ. ಮೊದಲು ಗಡಿಯಾರವನ್ನು ಬಲ್ಲವರಿಗೆ ತೋರಿಸಿ. ಬೆನ್ನಿನ ಮುಚ್ಚಳ ತೆರೆಸಿ, ಒಳಗಿನ ಯಂತ್ರದ ಮೇಲಿನ ಹೆಸರನ್ನೂ ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ, ಫೋಟೋ ತೆಗೆಸಿ. ಡಯಲಿನ ಮೇಲಿನ ಹೆಸರೂ ಯಂತ್ರದ ಮೇಲಿನ ಹೆಸರೂ ಹೊಂದುತ್ತವೆಯೇ ನೋಡಿ. ಹೊಂದಿದರೆ, ಬೀದರ ಮತ್ತು ಹೈದರಾಬಾದುಗಳಲ್ಲಿ ಹಳೆಯ ಗಡಿಯಾರ ಬಲ್ಲ ಒಬ್ಬಿಬ್ಬರಲ್ಲಾದರೂ ಬೆಲೆ ವಿಚಾರಿಸಿ. ಉತ್ತಮ ಕಂಪನಿಯ ತೆಳು ಗಡಿಯಾರವು ನಡೆಯುವ ಸ್ಥಿತಿಯಲ್ಲಿದ್ದರೆ ಅದರ ಬಂಗಾರಕ್ಕಿಂತ ಹೆಚ್ಚು ಬೆಲೆ ಬರುವುದುಂಟು. ಬಾರದಿದ್ದರೂ ನಷ್ಟವಿಲ್ಲ, ಬಂಗಾರ ಎಲ್ಲಿಗೂ ಓಡಿಹೋಗುವುದಿಲ್ಲ. ಒಮ್ಮೆ ಕರಗಿಸಿದ ಗಡಿಯಾರ ಮಾತ್ರ ಮರಳಿ ಬಾರದು.

ಇಬ್ಬರು ಮಕ್ಕಳಿಗೆ ಹಂಚುವುದು ಹೇಗೆಂಬುದಕ್ಕೆ ಅನೇಕ ಮನೆಗಳಲ್ಲಿ ರೂಢಿಯಲ್ಲಿರುವ ಉಪಾಯವೊಂದಿದೆ. ಒಬ್ಬರು ಇಟ್ಟುಕೊಂಡು ಇನ್ನೊಬ್ಬರಿಗೆ ಅದರ ಅರ್ಧ ಬೆಲೆಯನ್ನು ಒಡವೆಯಲ್ಲೋ ಹಣದಲ್ಲೋ ತುಂಬಿಕೊಡುವುದು. ತಂದೆ ದಿನವೂ ಬೆಳಗಿನಲ್ಲಿ ಚಾವಿ ಕೊಡುತ್ತಿದ್ದ ವಸ್ತುವನ್ನು ಮಗನಾದವನು ಇನ್ನೊಂದು ಬೆಳಗಿನಲ್ಲಿ ಕೈಗೆತ್ತಿಕೊಳ್ಳುವುದರಲ್ಲಿ ಏನೋ ಒಂದು ತೃಪ್ತಿಯಿದೆ. ಅದಕ್ಕೆ ತೂಕದ ಕಲ್ಲಿಲ್ಲ.

ಕಾಪಾಡುವ ಬಗೆ

ಇಂಥ ಗಡಿಯಾರವುಳ್ಳ ಎಲ್ಲ ಮನೆಯವರಿಗೂ ಉಪಯುಕ್ತವಾಗುವ ಕೆಲವು ಮಾತುಗಳನ್ನು ಇಲ್ಲಿ ಹೇಳುವುದು ಯೋಗ್ಯ.

ಬಹುಕಾಲ ನಿಂತ ಗಡಿಯಾರಕ್ಕೆ ಚಾವಿ ಕೊಟ್ಟು ನೋಡುವ ಆತುರ ಬೇಡ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಆ ಸ್ಥಿತಿಯಲ್ಲಿ ನಡೆದರೆ ಅಚ್ಚುಗಳು ಸವೆಯುತ್ತವೆ. ಮೊದಲು ತೊಳೆಸಿ, ಹೊಸ ಎಣ್ಣೆ ಬಿಡಿಸಬೇಕು. ನಡೆಯುವ ಗಡಿಯಾರಕ್ಕೂ ನಾಲ್ಕೈದು ವರ್ಷಕ್ಕೊಮ್ಮೆ ಈ ಸೇವೆ ಅವಶ್ಯ.

ಚಾವಿಯನ್ನು ಕೈಯಿಂದ ಬಿಚ್ಚಿ, ದಿನವೂ ಒಂದೇ ಹೊತ್ತಿಗೆ ಕೊಡಬೇಕು. ಮಣಿಕಟ್ಟಿನ ಮೇಲಿರುವಾಗಲೇ ತಿರುಗಿಸಿದರೆ ಚಾವಿಯ ಕಡ್ಡಿಗೆ ಓರೆಯಾಗಿ ಒತ್ತಡ ಬೀಳುತ್ತದೆ. ಬಿಗಿಯಾದಂತೆ ತೋರಿದೊಡನೆ ನಿಲ್ಲಿಸಬೇಕು.

ತೆಳು ಗಡಿಯಾರದ ಗಾಜನ್ನಾಗಲಿ ಬೆನ್ನನ್ನಾಗಲಿ ಹೆಬ್ಬೆರಳಿನಿಂದ ಒತ್ತಬಾರದು. ಗಾಜು ಬಾಗಿ ಮುಳ್ಳುಗಳಿಗೆ ತಾಗಬಹುದು. ಮನೆಯ ಚೂರಿಯಿಂದ ಮುಚ್ಚಳ ತೆರೆಯುವ ಸಾಹಸವಂತೂ ಕೂಡದು. ಹಳೆಯ ತೆಳು ಗಡಿಯಾರಗಳಿಗೆ ನೀರು ಪರಮಶತ್ರು. ಸ್ನಾನಕ್ಕೂ ಪಾತ್ರೆ ತೊಳೆಯಲೂ ಮುನ್ನ ತೆಗೆದಿಡಬೇಕು.

ಮೊಬೈಲು, ಧ್ವನಿವರ್ಧಕ, ಅಯಸ್ಕಾಂತದ ಬೀಗವುಳ್ಳ ಚೀಲಗಳ ಹತ್ತಿರ ಇಡಬಾರದು. ಕೂದಲೆಳೆಯ ಸುರುಳಿಗೆ ಅಯಸ್ಕಾಂತ ಗುಣ ಬಂದರೆ ಗಡಿಯಾರ ವಿಪರೀತ ಮುಂದೆ ಓಡತೊಡಗುತ್ತದೆ. ಅದನ್ನು ಕಂಡು ಕೆಟ್ಟಿತೆಂದು ಎಸೆಯಬೇಡಿ. ದುರಸ್ತಿಗಾರನ ಬಳಿಯ ಸಣ್ಣ ಉಪಕರಣದಿಂದ ಕ್ಷಣಮಾತ್ರದಲ್ಲಿ ಸರಿಹೋಗುತ್ತದೆ.

ಡಯಲು ಮಾಸಿದೆಯೆಂದು ಹೊಸ ಬಣ್ಣ ಹಾಕಿಸಬೇಡಿ. ಮೂಲ ಡಯಲು ಕಂದಿದ್ದರೂ ಅದಕ್ಕೇ ಬೆಲೆ. ಹಾಗೆಯೇ ಕಣ್ಣು ಕುಕ್ಕುವ ಬಣ್ಣದ ಹೊಸ ಡಯಲಿನೊಡನೆ ಹಳೆಯ ಎಚ್‌ಎಂಟಿ ಎಂದು ಮಾರಾಟವಾಗುವವುಗಳ ವಿಷಯದಲ್ಲಿ ಎಚ್ಚರವಿರಲಿ. ಬೇರೆಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ, ಹೊಸ ಡಯಲು ಅಚ್ಚುಹಾಕಿಸಿ ಮಾಡಿದವು ಅವುಗಳಲ್ಲಿ ಬಹಳ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಚೀಟಿಯಲ್ಲಿ ಈ ಗಡಿಯಾರ ಯಾರದು, ಯಾವ ವರ್ಷ ಯಾವ ಸಂದರ್ಭದಲ್ಲಿ ಬಂತು ಎಂಬುದನ್ನು ಬರೆದು ಅದರೊಡನೆ ಇಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಗಡಿಯಾರ ಮೂರನೆಯ ತಲೆಮಾರಿಗೆ ಬರಿಯ ಲೋಹವಾಗಿಬಿಡುತ್ತದೆ.

ಉಳಿಯಬೇಕಾದ ಕೈಗಳು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆತಂಕ ಉಳಿಯುತ್ತದೆ. ತೊಳೆಯಿಸಿ, ಎಣ್ಣೆ ಬಿಡಿಸಿ ಎಂದು ಹೇಳುವುದು ಸುಲಭ, ಮಾಡುವವರೆಲ್ಲಿ? ಉರ್ದುವಿನಲ್ಲಿ ಗಡಿಯಾರ ದುರಸ್ತಿ ಮಾಡುವವನಿಗೆ ಘಡಿಸಾಜ್ ಎನ್ನುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪನ್ನು ಹಿಡಿದು, ಮೊಳದಗಲದ ಮೇಜಿನ ಹಿಂದೆ ದಿನವಿಡೀ ಬಗ್ಗಿ ಕೂಡುವ ಆತನ ಕಾಯಕವನ್ನು ಬೀದರಿನ ಹಳೆಯ ಪೇಟೆಯಲ್ಲೂ ಭಾಲ್ಕಿಯ ಬಜಾರದಲ್ಲೂ ಹಿರಿಯ ಓದುಗರು ಕಂಡೇ ಇರುತ್ತಾರೆ. ಬೀದರಿನ ನಡುವೆ ಸುಮಾರು 71 ಅಡಿ ಎತ್ತರಕ್ಕೆ ನಿಂತಿರುವ ಚೌಬಾರಾ ಗೋಪುರದ ದೊಡ್ಡ ಗಡಿಯಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಗೈಯಗಲದ ಗಡಿಯಾರವನ್ನು ಬದುಕಿಸುವವನು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊಬೈಲು ಬಂದ ಮೇಲೆ ಸಮಯ ನೋಡಲು ಗಡಿಯಾರ ಬೇಕಾಗಿಲ್ಲ. ಸೆಲ್ಲಿನ ಗಡಿಯಾರ ಕೆಟ್ಟರೆ ದುರಸ್ತಿಗಿಂತ ಹೊಸದೇ ಅಗ್ಗ. ಆದುದರಿಂದ ಈ ಅಂಗಡಿಗಳಲ್ಲಿ ಈಗ ಸೆಲ್ಲು ಬದಲಿಸುವುದು, ಪಟ್ಟಿ ಹಾಕುವುದು ಇಷ್ಟೇ ಕೆಲಸ. ಚಾವಿ ಯಂತ್ರವನ್ನು ಪೂರ್ತಿ ಬಿಚ್ಚಿ ಕೂಡಿಸಬಲ್ಲವರು ವಯಸ್ಸಾದವರು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಅದು ತಪ್ಪೂ ಅಲ್ಲ. ಹೊಟ್ಟೆ ತುಂಬದ ವಿದ್ಯೆಯನ್ನು ಯಾರೂ ಮಕ್ಕಳ ಮೇಲೆ ಹೊರಿಸಬಾರದು. ಆದರೆ ಆ ಕೈಗಳು ಕೆಲಸ ನಿಲ್ಲಿಸಿದ ದಿನ ನಮ್ಮ ಟ್ರಂಕುಗಳಲ್ಲಿರುವ ದಪ್ಪನೆಯ ಜನತಾದಿಂದ ಹಿಡಿದು ತೆಳುವಾದ ಸ್ವಿಸ್ ಗಡಿಯಾರದವರೆಗೆ ಎಲ್ಲವೂ ಒಂದೇ ಸಲ ಲಸಾಲ್ ಯಂತ್ರದ ಗತಿಯನ್ನು ಕಾಣುತ್ತವೆ. ಅದರಲ್ಲಿ ಗಡಿಯಾರದ ದೋಷವಿರುವುದಿಲ್ಲ. ತೆರೆಯಬಲ್ಲವರು ಇಲ್ಲವೆಂಬುದಷ್ಟೇ ಕಾರಣ.

ನಮ್ಮಿಂದಾಗುವುದು ಸ್ವಲ್ಪವೇ. ಆದರೂ ಅದನ್ನು ಮಾಡಬಹುದು. ಮನೆಯಲ್ಲಿ ನಿಂತ ಚಾವಿ ಗಡಿಯಾರವಿದ್ದರೆ ಈ ತಿಂಗಳೇ ಒಯ್ದು ದುರಸ್ತಿಗೆ ಕೊಡಿ. ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಅರ್ಧ ದಿನದ ಏಕಾಗ್ರತೆಗೆ ನಾವು ಕೊಡುವ ಹಣ ಎಂದಿಗೂ ಹೆಚ್ಚಲ್ಲ. ಯಂತ್ರಗಳಲ್ಲಿ ಆಸಕ್ತಿಯುಳ್ಳ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ಜೊತೆಗೆ ಕರೆದೊಯ್ಯಿರಿ. ಬಿಚ್ಚಿದ ಯಂತ್ರವನ್ನು ಒಮ್ಮೆ ತೋರಿಸಲು ವಿನಯದಿಂದ ಕೇಳಿಕೊಳ್ಳಿ. ಇಂಜಿನಿಯರಿಂಗ್ ಕಾಲೇಜಿನ ಪುಸ್ತಕದಲ್ಲಿ ಓದುವ ಬಲ, ಘರ್ಷಣೆ, ಆಂದೋಲನಗಳೆಲ್ಲ ಆ ಪುಟ್ಟ ತಟ್ಟೆಯಲ್ಲಿ ಪ್ರತ್ಯಕ್ಷ ಕಾಣುತ್ತವೆ. ಯಾರಿಗೆ ಗೊತ್ತು, ಅವರಲ್ಲೊಬ್ಬರ ಕೈಯೇ ಮುಂದೆ ಅಂಥ ಯಂತ್ರವನ್ನು ತೆರೆಯುವ ಕೈಯಾಗಬಹುದು.